ಹಳೆಯ ರೈಫಲ್, ಹೊಸ ರೈಫಲ್: ಬದಲಾದದ್ದೇನು, ಉಳಿದದ್ದೇನು?

ಕನ್ನಡದ ಓದುಗರಿಗೆ ಬೇಟೆಯ ರೈಫಲ್ ಪರಿಚಯವಾದದ್ದು ಬಹುಮಟ್ಟಿಗೆ ಪುಸ್ತಕಗಳ ಮೂಲಕ. ಕೆನೆತ್ ಆಂಡರ್ಸನ್‌ನ ಅನುಭವಗಳನ್ನು ಪೂರ್ಣಚಂದ್ರ ತೇಜಸ್ವಿಯವರು ‘ಕಾಡಿನ ಕತೆಗಳು’ ಮಾಲಿಕೆಯಲ್ಲಿ ಕನ್ನಡಕ್ಕೆ ತಂದರು. ಜಿಮ್ ಕಾರ್ಬೆಟ್‌ನ ನರಭಕ್ಷಕಗಳ ಕಥನವೂ ಇಲ್ಲಿ ಅಪರಿಚಿತವಲ್ಲ. ಆದರೆ ಈ ಇಬ್ಬರ ಕೈಯಲ್ಲಿದ್ದ ಆಯುಧಗಳು ಒಂದೇ ಬಗೆಯವಲ್ಲ. ಆಂಡರ್ಸನ್‌ನ ನೆಚ್ಚಿನ .405 ವಿಂಚೆಸ್ಟರ್, ಟ್ರಿಗರ್‌ನ ಕೆಳಗಿನ ಸನ್ನೆಯನ್ನು ಮುಂದಕ್ಕೆ ದೂಡಿ ಹಿಂದಕ್ಕೆ ಎಳೆಯುವ ಲಿವರ್ ರೈಫಲ್. ಕಾರ್ಬೆಟ್‌ನ ಪ್ರಸಿದ್ಧ .275 ರಿಗ್ಬಿಯಾದರೋ ಬಾಗಿಲಿನ ಚಿಲಕದಂತೆ ತಿರುಗಿಸಿ ಎಳೆಯುವ ಬೋಲ್ಟ್ ರೈಫಲ್. ಚಂಪಾವತದ ನರಭಕ್ಷಕ ಹೆಣ್ಣುಹುಲಿಯನ್ನು 1907ರಲ್ಲಿ ಕೊಂದದ್ದಕ್ಕಾಗಿ ಸಂಯುಕ್ತ ಪ್ರಾಂತ್ಯದ ಲೆಫ್ಟಿನೆಂಟ್ ಗವರ್ನರ್ ಸರ್ ಜೆ.ಪಿ. ಹೆವೆಟ್ ಅದನ್ನು ಕಾರ್ಬೆಟ್‌ಗೆ ಉಡುಗೊರೆಯಾಗಿ ನೀಡಿದ್ದರು.

ಆ ಹುಲಿಯ ಕತೆಯಲ್ಲಿ ರೈಫಲ್‌ಗಳ ಚರ್ಚೆಗೆ ನೇರವಾಗಿ ಸಂಬಂಧಿಸಿದ ಸಂಗತಿಯೊಂದಿದೆ. ಅದರ ಬಲಭಾಗದ ಮೇಲಿನ ಮತ್ತು ಕೆಳಗಿನ ಕೋರೆಹಲ್ಲುಗಳೆರಡೂ ಮುರಿದಿದ್ದವು. ಹಿಂದೆಂದೋ ತಗುಲಿದ ಗುಂಡೇ ಅದಕ್ಕೆ ಕಾರಣವೆಂದು ಕಾರ್ಬೆಟ್ ದಾಖಲಿಸಿದ್ದಾನೆ. ಸಹಜ ಬೇಟೆಗೆ ಅಸಮರ್ಥವಾದ ಹುಲಿ ಮನುಷ್ಯರತ್ತ ತಿರುಗಿತು. ಅವನ ಲೆಕ್ಕದಂತೆ ಬಲಿಯಾದವರು 436 ಮಂದಿ. ಗುರಿ ತಪ್ಪಿದ ಒಂದು ಗುಂಡಿನ ಬೆಲೆ ಅಷ್ಟು. ಆದ್ದರಿಂದ ಯಾವ ರೈಫಲ್ ಒಳ್ಳೆಯದು ಎಂಬುದು ಕೇವಲ ಹವ್ಯಾಸಿಗಳ ಹರಟೆಯ ವಿಷಯವಲ್ಲ.

ಹಳೆಯ ರೈಫಲ್‌ಗಳೇ ಗಟ್ಟಿ ಎನ್ನುವವರೂ ಹೊಸತರ ಮುಂದೆ ಹಳೆಯದು ನಿಲ್ಲದು ಎನ್ನುವವರೂ ಪ್ರಪಂಚದೆಲ್ಲೆಡೆ ಇದ್ದಾರೆ. ಈ ವಾದವನ್ನು ಮೂರು ಪ್ರಶ್ನೆಗಳಾಗಿ ಬಿಡಿಸಿಕೊಂಡರೆ ವಿಷಯ ತಿಳಿಯಾಗುತ್ತದೆ. ತೋಟಾವನ್ನು ತಪ್ಪದೆ ಒಳಗೆ ತಂದು, ತಪ್ಪದೆ ಹೊರಗೆ ಹಾಕುತ್ತದೆಯೇ? ಇಟ್ಟ ಗುರಿಗೆ ಗುಂಡು ಹೋಗುತ್ತದೆಯೇ? ಹಾರಿಸುವವನು ಬಯಸದೆ ಗುಂಡು ಹಾರದಿರುತ್ತದೆಯೇ?

ಚಿಲಕದ ತತ್ವ

ಬೋಲ್ಟ್ ಎಂಬುದು ನಳಿಗೆಯ ಹಿಂಬದಿಯನ್ನು ಮುಚ್ಚುವ ಉಕ್ಕಿನ ದಂಡ. ಅದರ ಹಿಡಿಯನ್ನು ಮೇಲಕ್ಕೆತ್ತಿ ಹಿಂದಕ್ಕೆಳೆದರೆ ಖಾಲಿಯಾದ ತೋಟಾ ಹೊರಗೆ ಬೀಳುತ್ತದೆ. ಮುಂದಕ್ಕೆ ತಳ್ಳಿದರೆ ಕೆಳಗಿನ ಮ್ಯಾಗಜಿನ್‌ನಿಂದ ಹೊಸ ತೋಟಾ ನಳಿಗೆಯ ಬುಡದ ಕೋಣೆಯೊಳಗೆ, ಅಂದರೆ ಚೇಂಬರ್‌ಗೆ ಹೋಗುತ್ತದೆ. ಹಿಡಿಯನ್ನು ಕೆಳಗೆ ತಿರುಗಿಸಿದಾಗ ಬೋಲ್ಟ್‌ನ ತುದಿಯಲ್ಲಿರುವ ದಪ್ಪನೆಯ ಹಲ್ಲುಗಳು ರೈಫಲ್‌ನ ಉಕ್ಕಿನ ಒಡಲಿನ ಗಾಡಿಗಳಲ್ಲಿ ಸಿಕ್ಕಿಕೊಂಡು ಬೀಗ ಬೀಳುತ್ತದೆ. ಮದ್ದು ಉರಿದಾಗ ಹುಟ್ಟುವ ಅಪಾರ ಒತ್ತಡವನ್ನು ತಡೆದು ನಿಲ್ಲುವುದು ಈ ಹಲ್ಲುಗಳೇ. ಬೀಗ ಬಲವಾಗಿಲ್ಲದಿದ್ದರೆ ಆ ಒತ್ತಡವೆಲ್ಲ ಹಾರಿಸುವವನ ಮುಖದ ಕಡೆಗೇ ಬರುತ್ತದೆ.

ಈ ವ್ಯವಸ್ಥೆಗೆ ಪಕ್ವ ರೂಪ ನೀಡಿದವನು ಜರ್ಮನಿಯ ಓಬರ್ನ್‌ಡಾರ್ಫ್ ಪಟ್ಟಣದ ಪೌಲ್ ಮೌಸರ್. ಅವನ ರೈಫಲನ್ನು ಜರ್ಮನ್ ಸೇನೆ 1898ರಲ್ಲಿ ಅಂಗೀಕರಿಸಿತು. ‘ಮೌಸರ್ 98’ ಎಂದು ಕರೆಯಲಾಗುವ ಈ ವಿನ್ಯಾಸದಲ್ಲಿ ಬೋಲ್ಟ್‌ನ ಮುಂತುದಿಯಲ್ಲಿ ಎರಡು ಹಲ್ಲುಗಳಿವೆ. ಅವು ಮುರಿದರೂ ಬೋಲ್ಟ್ ಹಿಂದಕ್ಕೆ ಹಾರದಂತೆ ಹಿಂಬದಿಯಲ್ಲಿ ಮೂರನೆಯ ಹಲ್ಲೊಂದಿದೆ. ತೋಟಾ ಬಿರಿದು ಅನಿಲ ಹಿಂದಕ್ಕೆ ನುಗ್ಗಿದರೆ ಅದನ್ನು ಪಕ್ಕಕ್ಕೆ ಬಿಡುವ ರಂಧ್ರಗಳಿವೆ. ಕಣ್ಣಿಗೆ ತಾಗದಂತೆ ಬೋಲ್ಟ್‌ನ ಹಿಂದೆ ಅಗಲವಾದ ತಡೆಯೂ ಇದೆ. ಅಮೆರಿಕದ ಸೇನೆ 1903ರ ಸ್ಪ್ರಿಂಗ್‌ಫೀಲ್ಡ್ ರೈಫಲ್‌ನಲ್ಲಿ ಈ ಹಾದಿಯನ್ನೇ ಹಿಡಿದು, ಮೌಸರ್ ಕಂಪನಿಗೆ ರಾಯಧನ ಕೊಡಬೇಕಾಯಿತು. ಲಂಡನ್ನಿನ ರಿಗ್ಬಿಯಂತಹ ಹೆಸರಾಂತ ತಯಾರಕರು ಮೌಸರ್‌ನ ಬೋಲ್ಟ್ ಮತ್ತು ಒಡಲನ್ನು ತರಿಸಿಕೊಂಡೇ ಬೇಟೆಯ ರೈಫಲ್ ಕಟ್ಟಿದರು. ಕಾರ್ಬೆಟ್‌ನದೂ ಅಂತಹದ್ದೇ. .275 ರಿಗ್ಬಿ ಎಂಬುದು ಮೌಸರ್‌ನ 7x57 ತೋಟಾಕ್ಕೆ ಬ್ರಿಟಿಷರು ಕೊಟ್ಟ ಹೆಸರು.

ಮೊದಲ ಪ್ರಶ್ನೆ: ತೋಟಾ ಸಿಕ್ಕಿಕೊಳ್ಳುವುದೇ?

ಮೌಸರ್‌ನ ಅತಿ ಮುಖ್ಯ ಕೊಡುಗೆ ಬೋಲ್ಟ್‌ನ ಪಕ್ಕದಲ್ಲಿ ಉದ್ದಕ್ಕೂ ಕೂರುವ ಉಗುರಿನಂತಹ ಅಗಲವಾದ ಕೊಕ್ಕೆ. ಮ್ಯಾಗಜಿನ್‌ನಿಂದ ಮೇಲೇಳುವ ತೋಟಾದ ಹಿಂಬದಿಯ ಅಂಚು ಈ ಕೊಕ್ಕೆಯ ಅಡಿಗೆ ಜಾರಿ ಕೂರುತ್ತದೆ. ಅಲ್ಲಿಂದ ಮುಂದೆ, ಖಾಲಿಯಾಗಿ ಹೊರಬೀಳುವವರೆಗೂ ತೋಟಾ ಕೊಕ್ಕೆಯ ಹಿಡಿತದಲ್ಲೇ ಇರುತ್ತದೆ.

ಇದರ ಉಪಯೋಗ ತಿಳಿಯುವುದು ಗಾಬರಿಯ ಗಳಿಗೆಯಲ್ಲಿ. ಗಾಯಗೊಂಡ ಮೃಗ ಎದುರಿಗೆ ನುಗ್ಗುತ್ತಿರುವಾಗ ಬೇಟೆಗಾರ ಬೋಲ್ಟನ್ನು ಪೂರ್ತಿ ಮುಂದಕ್ಕೆ ತಳ್ಳದೆ, ಅರ್ಧದಲ್ಲೇ ಮತ್ತೆ ಹಿಂದಕ್ಕೆ ಎಳೆದುಬಿಡಬಹುದು. ಮೌಸರ್ ಮಾದರಿಯಲ್ಲಿ ಅರ್ಧಕ್ಕೆ ಹೋದ ತೋಟಾ ಕೊಕ್ಕೆಯೊಂದಿಗೆ ಹಿಂದಕ್ಕೆ ಬಂದು ಹೊರಗೆ ಬೀಳುತ್ತದೆ. ನಷ್ಟ ಒಂದು ತೋಟಾ ಮಾತ್ರ. ತೋಟಾವನ್ನು ಹಿಡಿಯದೆ ಬರಿದೆ ಮುಂದಕ್ಕೆ ದೂಡುವ ಮಾದರಿಯಲ್ಲಿ ಅದು ಚೇಂಬರ್‌ನಲ್ಲೇ ಉಳಿಯುತ್ತದೆ. ಮತ್ತೊಮ್ಮೆ ಬೋಲ್ಟ್ ತಳ್ಳಿದಾಗ ಎರಡನೆಯ ತೋಟಾ ಅದರ ಬೆನ್ನಿಗೆ ಗುದ್ದಿ, ಎರಡೂ ಸಿಕ್ಕಿಕೊಳ್ಳುತ್ತವೆ. ಆಫ್ರಿಕಾದಲ್ಲಿ ಕಾಡೆಮ್ಮೆ, ಆನೆಗಳ ಬೇಟೆಗೆ ಹೋಗುವ ವೃತ್ತಿಪರರಲ್ಲಿ ಅನೇಕರು ಇಂದಿಗೂ ಈ ಹಳೆಯ ಕೊಕ್ಕೆಯ ರೈಫಲ್‌ಗಳನ್ನೇ ನೆಚ್ಚಿಕೊಂಡಿರುವುದಕ್ಕೆ ಇದೇ ಕಾರಣ.

ದೂಡುವ ಮಾದರಿಗೂ ತನ್ನದೇ ಅನುಕೂಲಗಳಿವೆ. ಅಮೆರಿಕದ ರೆಮಿಂಗ್ಟನ್ ಕಂಪನಿ 1962ರಲ್ಲಿ ಹೊರತಂದ ‘ಮಾಡೆಲ್ 700’ ಇದಕ್ಕೆ ಪ್ರಸಿದ್ಧ ಉದಾಹರಣೆ. ಅದರಲ್ಲಿ ತೋಟಾದ ಬುಡವನ್ನು ಬೋಲ್ಟ್‌ನ ಮುಂತುದಿ ಬಳೆಯಂತೆ ಪೂರ್ತಿ ಸುತ್ತುವರಿಯುತ್ತದೆ. ಕೊಕ್ಕೆಗಾಗಿ ಬಳೆಯನ್ನು ಕತ್ತರಿಸಬೇಕಿಲ್ಲವಾದ್ದರಿಂದ ತೋಟಾ ಬಿರಿದರೂ ಅನಿಲಕ್ಕೆ ದಾರಿ ಕಡಿಮೆ. ಮೂಲ ಮೌಸರ್‌ನಲ್ಲಿ ತೋಟಾವನ್ನು ಮ್ಯಾಗಜಿನ್ ಮೂಲಕವೇ ತುಂಬಬೇಕು. ನೇರವಾಗಿ ಚೇಂಬರ್‌ಗೆ ಹಾಕಿದರೆ ಗಡಸು ಕೊಕ್ಕೆ ಅದರ ಅಂಚನ್ನು ಹತ್ತಿ ಕೂರಲು ಒಪ್ಪುವುದಿಲ್ಲ. ದೂಡುವ ಮಾದರಿಯಲ್ಲಿ ಆ ತೊಡಕಿಲ್ಲ. ಜಿಂಕೆಯ ಬೇಟೆಗೆ ಹೋಗುವವನಿಗೆ ಎರಡರಲ್ಲಿ ಯಾವುದಾದರೂ ಸಾಕು. ಎದುರಿಸಬೇಕಾದದ್ದು ತಿರುಗಿ ಬೀಳುವ ಪ್ರಾಣಿಯಾದರೆ ಮಾತ್ರ ಹಳೆಯ ಕೊಕ್ಕೆಯ ತೂಕ ಹೆಚ್ಚು.

1964ರ ಪಾಠ

ಹಳೆಯದೆಲ್ಲ ಒಳ್ಳೆಯದು ಎಂಬ ನಂಬಿಕೆ ಬೇರೂರಲು ಒಂದು ನಿರ್ದಿಷ್ಟ ವರ್ಷ ಕಾರಣವಾಯಿತು. ವಿಂಚೆಸ್ಟರ್ ಕಂಪನಿಯ ‘ಮಾಡೆಲ್ 70’ 1936ರಲ್ಲಿ ಮಾರುಕಟ್ಟೆಗೆ ಬಂದಿತ್ತು. ಮೌಸರ್‌ನ ಕೊಕ್ಕೆ, ನುಣುಪಾದ ಟ್ರಿಗರ್, ಕೈಯಿಂದ ಕೆತ್ತಿದ ವಾಲ್‌ನಟ್ ಮರದ ಹಿಡಿ ಇವೆಲ್ಲ ಸೇರಿ ಅದು ಅಮೆರಿಕದ ಬೇಟೆಗಾರರ ಮೆಚ್ಚಿನ ರೈಫಲ್ ಆಯಿತು. ಆದರೆ ಅದರ ಪ್ರತಿಯೊಂದು ಭಾಗವನ್ನೂ ಉಕ್ಕಿನ ಗಟ್ಟಿಯಿಂದ ಕಡೆದು ತೆಗೆಯಬೇಕಿತ್ತು. ಕೂಲಿ ಏರಿದಂತೆ ತಯಾರಿಕೆಯ ವೆಚ್ಚವೂ ಏರಿತು. ದುಂಡನೆಯ ಉಕ್ಕಿನ ಸಲಾಕೆಯಿಂದ ಸುಲಭವಾಗಿ ತಯಾರಾಗುತ್ತಿದ್ದ ರೆಮಿಂಗ್ಟನ್‌ನ ರೈಫಲ್ ಅಗ್ಗವಾಗಿತ್ತು. ಗುರಿಯಲ್ಲೂ ಹಿಂದೆ ಬಿದ್ದಿರಲಿಲ್ಲ.

ಕಂಪನಿ 1964ರಲ್ಲಿ ವಿನ್ಯಾಸವನ್ನೇ ಬದಲಿಸಿತು. ಕೊಕ್ಕೆ ಹೋಯಿತು, ದೂಡುವ ಬೋಲ್ಟ್ ಬಂತು. ಹಿಡಿಯ ಮೇಲಿನ ಕೈಕೆತ್ತನೆಯ ಜಾಗದಲ್ಲಿ ಅಚ್ಚೊತ್ತಿದ ಗೆರೆಗಳು ಮೂಡಿದವು. ಖರೀದಿದಾರರು ಮುನಿದರು. ‘1964ಕ್ಕೆ ಮುಂಚಿನದು’ ಎಂಬ ವಿಶೇಷಣ ಹಳೆಯ ರೈಫಲ್‌ಗಳ ಬೆಲೆಯನ್ನು ಏರಿಸಿತು. ಅದು ಇಂದಿಗೂ ಬಳಕೆಯಲ್ಲಿದೆ. ಕೊನೆಗೆ 1990ರ ದಶಕದಲ್ಲಿ ವಿಂಚೆಸ್ಟರ್ ‘ಕ್ಲಾಸಿಕ್’ ಎಂಬ ಹೆಸರಿನಲ್ಲಿ ಹಳೆಯ ಕೊಕ್ಕೆಯನ್ನು ಮರಳಿ ತಂದಿತು. ನ್ಯೂ ಹೇವನ್‌ನ ಕಾರ್ಖಾನೆ 2006ರಲ್ಲಿ ಮುಚ್ಚಿದರೂ ಮುಂದೆ ಬೇರೆಡೆ ತಯಾರಿಕೆ ಮುಂದುವರಿಯಿತು. ಹಾಗೆಂದು ಹೊಸತೆಲ್ಲ ಕೆಟ್ಟದ್ದೆಂದು ಇದರಿಂದ ತೀರ್ಮಾನಿಸಲಾಗದು. ವೆಚ್ಚ ಇಳಿಸುವಾಗ ಯಾವುದನ್ನು ಬಿಡಬಹುದು, ಯಾವುದನ್ನು ಬಿಡಬಾರದು ಎಂಬ ವಿವೇಚನೆಯೇ ಇಲ್ಲಿನ ಪಾಠ.

ಎರಡನೆಯ ಪ್ರಶ್ನೆ: ಗುರಿ ಮುಟ್ಟುವುದೇ?

ಇಲ್ಲಿ ಹೊಸ ರೈಫಲ್‌ಗಳದ್ದೇ ಮೇಲುಗೈ. ಗುರಿಯ ನಿಖರತೆಯನ್ನು ಅಳೆಯಲು ಬಳಸುವ ಮಾನ ‘ಮಿನಿಟ್ ಆಫ್ ಆಂಗಲ್’, ಅಂದರೆ ಒಂದು ಡಿಗ್ರಿಯ 60ನೇ ಒಂದು ಭಾಗ. ನೂರು ಮೀಟರ್ ದೂರದಲ್ಲಿ ಇದು ಸುಮಾರು 29 ಮಿಲಿಮೀಟರ್. ಹಳೆಯ ಬೇಟೆ ರೈಫಲ್ ಇದರ ಎರಡು ಪಟ್ಟು ಹರವಿನಲ್ಲಿ ಗುಂಡುಗಳನ್ನು ಹಾಕಿದರೆ ತೃಪ್ತಿಕರ ಎನಿಸುತ್ತಿತ್ತು. ಇಂದು ಮಧ್ಯಮ ಬೆಲೆಯ ರೈಫಲ್‌ಗಳೇ ಒಂದು ಮಿನಿಟ್‌ನ ಭರವಸೆಯೊಂದಿಗೆ ಮಾರಾಟವಾಗುತ್ತವೆ. ಫಿನ್ಲೆಂಡಿನ ಸಾಕೊ ಕಂಪನಿ 2003ರಲ್ಲಿ ಬಿಡುಗಡೆ ಮಾಡಿದ ಟಿಕ್ಕಾ ಟಿ3, ಬಳಿಕ 2016ರಲ್ಲಿ ಬಂದ ಅದರ ಸುಧಾರಿತ ರೂಪ ಟಿ3ಎಕ್ಸ್ ಇದಕ್ಕೆ ಹೆಸರಾಗಿವೆ.

ಕಾರಣಗಳು ಹಲವು. ನಳಿಗೆಯ ರಂಧ್ರಕ್ಕೆ ಗಡಸು ಅಚ್ಚನ್ನು ತೂರಿಸಿ ಹೊರಗಿನಿಂದ ಯಂತ್ರದ ಸುತ್ತಿಗೆಗಳಿಂದ ತಣ್ಣಗೆ ಬಡಿದು ಸುರುಳಿ ಗೆರೆಗಳನ್ನು ಮೂಡಿಸುವ ವಿಧಾನ ವ್ಯಾಪಕವಾಗಿದೆ. ಗಣಕಯಂತ್ರ ನಿಯಂತ್ರಿತ ಕಡೆತದಿಂದ ಒಂದು ರೈಫಲ್‌ಗೂ ಇನ್ನೊಂದಕ್ಕೂ ವ್ಯತ್ಯಾಸ ಅತ್ಯಲ್ಪ. ತೋಟಾ ಮತ್ತು ದೂರದರ್ಶಕಗಳ ಗುಣಮಟ್ಟವೂ ಏರಿದೆ.

ಇವೆಲ್ಲಕ್ಕಿಂತ ಮಳೆನಾಡಿನವರಿಗೆ ಬೇಗ ಅರ್ಥವಾಗುವ ಕಾರಣ ಇನ್ನೊಂದಿದೆ. ಹಳೆಯ ರೈಫಲ್‌ನ ಹಿಡಿ ಮರದ್ದು. ಮಳೆಗಾಲದಲ್ಲಿ ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುವಂತೆಯೇ ಈ ಮರವೂ ತೇವ ಹೀರಿ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ಹಾಗೆ ಅಲುಗಿದ ಮರ ನಳಿಗೆಯನ್ನು ಒಂದು ಬದಿಗೆ ಒತ್ತಿದರೆ ಬೇಸಿಗೆಯಲ್ಲಿ ಸರಿಪಡಿಸಿಟ್ಟ ಗುರಿ ಮಳೆಗಾಲದಲ್ಲಿ ತಪ್ಪುತ್ತದೆ. ಹೊಸ ರೈಫಲ್‌ಗಳಲ್ಲಿ ಹಿಡಿ ಸಾಮಾನ್ಯವಾಗಿ ಗಾಜಿನ ನಾರು ಬೆರೆತ ಪ್ಲಾಸ್ಟಿಕ್. ಅದು ತೇವ ಹೀರುವುದಿಲ್ಲ. ನಳಿಗೆಯೂ ಹಿಡಿಗೆ ತಾಗದಂತೆ ನಡುವೆ ತೆಳುವಾದ ಅಂತರವಿರುತ್ತದೆ. ತುಕ್ಕು ಹಿಡಿಯದ ಉಕ್ಕಿನ ನಳಿಗೆಯೂ ದೊರೆಯುತ್ತದೆ. ನೋಡಲು ಅಂದವಿಲ್ಲ ಎಂಬ ದೂರು ನಿಜವಾದರೂ ಕೆಲಸದಲ್ಲಿ ಅದು ಮೇಲು.

ಆದರೆ ಈ ನಿಖರತೆ ಎಲ್ಲರಿಗೂ ಬೇಕೇ? ಸಾಧಾರಣ ಜಿಂಕೆಯೊಂದರ ಹೃದಯ ಮತ್ತು ಶ್ವಾಸಕೋಶದ ಭಾಗ ಸುಮಾರು 20 ಸೆಂಟಿಮೀಟರ್ ಅಗಲ. ಎರಡು ಮಿನಿಟ್‌ನ ಹಳೆಯ ರೈಫಲ್ 100 ಮೀಟರ್‌ನಲ್ಲಿ 6 ಸೆಂಟಿಮೀಟರ್ ವೃತ್ತದೊಳಗೆ ಗುಂಡು ಹಾಕುತ್ತದೆ, ಅದು ಸಾಕು. 300 ಮೀಟರ್‌ನಲ್ಲಿ ಅದೇ ಹರವು 17 ಸೆಂಟಿಮೀಟರ್ ದಾಟುತ್ತದೆ. ಹಾರಿಸುವವನ ಕೈನಡುಕ, ಗಾಳಿ ಸೇರಿದರೆ ಪ್ರಾಣಿ ಗಾಯಗೊಂಡು ತಪ್ಪಿಸಿಕೊಳ್ಳುವ ಸಂಭವವೇ ಹೆಚ್ಚು. ಹೊಸ ರೈಫಲ್‌ನ ಹರವು ಆ ದೂರದಲ್ಲಿ ಸುಮಾರು 9 ಸೆಂಟಿಮೀಟರ್ ಮಾತ್ರ. ಅಪಾಯವಿರುವುದೂ ಇಲ್ಲಿಯೇ. ರೈಫಲ್‌ಗೆ ಸಾಧ್ಯವಾದ ದೂರ ತನಗೂ ಸಾಧ್ಯವೆಂದು ಬೇಟೆಗಾರ ಭಾವಿಸಿದರೆ ಹೊಸ ಯಂತ್ರ ಹಳೆಯ ತಪ್ಪನ್ನೇ ಇನ್ನಷ್ಟು ದೂರದಿಂದ ಮಾಡಿಸುತ್ತದೆ.

ಮೂರನೆಯ ಪ್ರಶ್ನೆ: ಬಯಸದೆ ಹಾರುವುದೇ?

ಮೌಸರ್ 98ರ ಸೇಫ್ಟಿ ಬೋಲ್ಟ್‌ನ ಹಿಂಬದಿಯಲ್ಲಿರುವ ರೆಕ್ಕೆಯಂತಹ ತುಂಡು. ಎಡಕ್ಕೆ ಇದ್ದಾಗ ಗುಂಡು ಹಾರಿಸಬಹುದು. ನೆಟ್ಟಗೆ ನಿಲ್ಲಿಸಿದರೆ ಗುಂಡು ಹಾರದು, ಆದರೆ ಬೋಲ್ಟ್ ತೆರೆದು ತೋಟಾ ಹೊರತೆಗೆಯಬಹುದು. ಬಲಕ್ಕೆ ತಿರುಗಿಸಿದರೆ ಬೋಲ್ಟ್‌ಗೂ ಬೀಗ. ಇದರ ಹೆಚ್ಚುಗಾರಿಕೆಯೆಂದರೆ, ಅದು ತಡೆಯುವುದು ಟ್ರಿಗರನ್ನಲ್ಲ; ತೋಟಾವನ್ನು ಹೊಡೆಯುವ ಫೈರಿಂಗ್ ಪಿನ್ನನ್ನೇ ಹಿಂದಕ್ಕೆ ಹಿಡಿದಿಡುತ್ತದೆ. ಟ್ರಿಗರ್‌ನ ಒಳಗೆ ಏನೇ ಸವೆದಿರಲಿ, ಪಿನ್ ಮುಂದಕ್ಕೆ ಹೋಗಲಾರದು.

ನಂತರದ ಅನೇಕ ರೈಫಲ್‌ಗಳಲ್ಲಿ ಸೇಫ್ಟಿ ಟ್ರಿಗರ್ ಪೆಟ್ಟಿಗೆಯೊಳಗೆ ಸೇರಿತು. ಬೆರಳಿಗೆ ಹಗುರವಾಗಿ ಸಿಗುವ ಅನುಕೂಲವಿದ್ದರೂ ಇದಕ್ಕೆ ಕಹಿ ಚರಿತ್ರೆಯೂ ಇದೆ. ರೆಮಿಂಗ್ಟನ್ 700 ರೈಫಲ್ 1982ರವರೆಗೆ ಸೇಫ್ಟಿ ಹಾಕಿದಾಗ ಬೋಲ್ಟ್‌ಗೂ ಬೀಗ ಬೀಳುವಂತೆ ತಯಾರಾಗುತ್ತಿತ್ತು. ತೋಟಾ ಹೊರತೆಗೆಯಬೇಕಾದರೆ ಮೊದಲು ಸೇಫ್ಟಿ ತೆಗೆಯಲೇಬೇಕಿತ್ತು. ಟ್ರಿಗರ್ ಮುಟ್ಟದಿದ್ದರೂ ಗುಂಡು ಹಾರಿತೆಂಬ ದೂರುಗಳು ಹಲವು ವರ್ಷ ಅಮೆರಿಕದ ನ್ಯಾಯಾಲಯಗಳ ಮೆಟ್ಟಿಲೇರಿದವು. ವಿನ್ಯಾಸದಲ್ಲಿ ದೋಷವಿಲ್ಲವೆಂದು ಕಂಪನಿ ವಾದಿಸಿತಾದರೂ ಲಕ್ಷಾಂತರ ರೈಫಲ್‌ಗಳ ಟ್ರಿಗರ್ ಬದಲಿಸಿಕೊಡುವ ಒಪ್ಪಂದಕ್ಕೆ ಬಂತು. ಮೇಲ್ಮನವಿ ನ್ಯಾಯಾಲಯ 2018ರಲ್ಲಿ ಅದನ್ನು ಎತ್ತಿಹಿಡಿಯಿತು. ಹೊಸ ವಿನ್ಯಾಸದ ಟ್ರಿಗರ್‌ಗಳೂ ಇದಕ್ಕೆ ಹೊರತಾಗಲಿಲ್ಲ. 2014ರಲ್ಲಿ ಅದೇ ಕಂಪನಿ ತನ್ನ ನೂತನ ಟ್ರಿಗರ್‌ಗಳನ್ನೂ ಪರೀಕ್ಷೆಗೆಂದು ಹಿಂದಕ್ಕೆ ಕರೆಯಿತು.

ಮತ್ತೊಂದು ದಿಕ್ಕಿನ ಹೊಸ ಉತ್ತರ ಜರ್ಮನಿಯ ಬ್ಲಾಸರ್ ಕಂಪನಿಯದು. 2008ರಲ್ಲಿ ಬಂದ ಅದರ ‘ಆರ್8’ರಲ್ಲಿ ಬೋಲ್ಟನ್ನು ತಿರುಗಿಸಬೇಕಿಲ್ಲ, ನೇರವಾಗಿ ಎಳೆದು ತಳ್ಳಿದರಾಯಿತು. ಗುಂಡು ಹಾರಿಸುವ ಕ್ಷಣದವರೆಗೂ ಪಿನ್‌ನ ಸ್ಪ್ರಿಂಗ್ ಬಿಗಿದಿರುವುದಿಲ್ಲ. ಹೆಬ್ಬೆರಳಿನಿಂದ ಗುಂಡಿಯೊಂದನ್ನು ಒತ್ತಿ ಬಿಗಿದರೆ ಮಾತ್ರ ರೈಫಲ್ ಸಿದ್ಧ. ಬಿಗಿಯದ ಸ್ಪ್ರಿಂಗ್ ಹಾರಿಸುವುದೇನನ್ನು ಎಂಬುದು ಇದರ ಹಿಂದಿನ ಸರಳ ತರ್ಕ.

ಉಕ್ಕಿಗೂ ವಯಸ್ಸಿದೆ

ಹಳೆಯ ರೈಫಲ್‌ನ ಮೇಲಿನ ಅಭಿಮಾನ ಒಂದು ಸತ್ಯವನ್ನು ಮರೆಸಬಾರದು. ನೂರು ವರ್ಷಗಳ ಹಿಂದೆ ಉಕ್ಕನ್ನು ಹದಗೊಳಿಸುವ ವಿದ್ಯೆ ಇಂದಿನಷ್ಟು ಖಚಿತವಾಗಿರಲಿಲ್ಲ. ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಸರಕಾರಿ ಕಾರ್ಖಾನೆಯಲ್ಲಿ ಕುಲುಮೆಯ ಕೆಂಪನ್ನು ಕಣ್ಣಳತೆಯಲ್ಲೇ ನೋಡಿ ಶಾಖವನ್ನು ನಿರ್ಧರಿಸುತ್ತಿದ್ದರು. ಮೋಡದ ದಿನಕ್ಕೂ ಬಿಸಿಲಿನ ದಿನಕ್ಕೂ ಆ ಕೆಂಪು ಬೇರೆ ಬೇರೆಯಾಗಿ ಕಾಣುತ್ತಿತ್ತು. ಅತಿಯಾಗಿ ಕಾದ ಉಕ್ಕು ಗಾಜಿನಂತೆ ಒಡೆಯುವ ಗುಣ ಪಡೆಯಿತು. ಕೆಲವು ರೈಫಲ್‌ಗಳು ಸಿಡಿದ ಬಳಿಕ 1918ರಲ್ಲಿ ವಿಧಾನವನ್ನು ಬದಲಿಸಲಾಯಿತು. 8,00,000ಕ್ಕಿಂತ ಕಡಿಮೆ ಕ್ರಮಸಂಖ್ಯೆಯ ಸ್ಪ್ರಿಂಗ್‌ಫೀಲ್ಡ್‌ಗಳನ್ನು ಹಾರಿಸಬಾರದೆಂದು ಇಂದಿಗೂ ತಿಳಿದವರು ಎಚ್ಚರಿಸುತ್ತಾರೆ. ಹೊರನೋಟಕ್ಕೆ ಅವುಗಳಿಗೂ ಒಳ್ಳೆಯವುಗಳಿಗೂ ವ್ಯತ್ಯಾಸ ಕಾಣದು.

ಇನ್ನೊಂದು ಅಪಾಯ ಬೋಲ್ಟ್‌ನ ಅದಲುಬದಲು. ಬೋಲ್ಟ್‌ನ ಮುಖಕ್ಕೂ ಚೇಂಬರ್‌ನಲ್ಲಿ ಕುಳಿತ ತೋಟಾಕ್ಕೂ ನಡುವೆ ಇರಬೇಕಾದ ಅಂತರ ಕೂದಲೆಳೆಯಷ್ಟು ಮಾತ್ರ. ಒಂದು ರೈಫಲ್‌ನ ಬೋಲ್ಟನ್ನು ಇನ್ನೊಂದಕ್ಕೆ ಹಾಕಿದರೆ, ಅಥವಾ ಹಲ್ಲುಗಳು ಸವೆದಿದ್ದರೆ, ಈ ಅಂತರ ಹೆಚ್ಚಿ ತೋಟಾದ ಹಿತ್ತಾಳೆ ಹರಿಯಬಹುದು. ಇದನ್ನು ಅಳೆಯುವ ಅಳತೆಗಟ್ಟಿಗಳಿವೆ; ನುರಿತ ಬಂದೂಕು ಕುಶಲಕರ್ಮಿಗೆ ಅದು ಕೆಲವೇ ನಿಮಿಷಗಳ ಕೆಲಸ.

ಕರ್ನಾಟಕದ ಮನೆಗಳಲ್ಲಿ

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆಯ ರೈಫಲ್‌ಗೆ ಬೇಟೆಯೇ ಇಲ್ಲವಾಯಿತು. ಆದರೆ ರೈಫಲ್‌ಗಳು ಮನೆಗಳಲ್ಲಿ ಉಳಿದವು. ಆತ್ಮರಕ್ಷಣೆ, ಬೆಳೆ ರಕ್ಷಣೆಯ ಪರವಾನಗಿಯ ಮೇಲೆ, ಇಲ್ಲವೇ ಹಿರಿಯರ ನೆನಪಾಗಿ ಅವು ಇವೆ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಶಸ್ತ್ರಾಸ್ತ್ರ ಪರವಾನಗಿಯಿಂದ ವಿನಾಯಿತಿ ಇದೆ. ಕೇಂದ್ರ ಸರಕಾರ 2019ರಲ್ಲಿ ಅದನ್ನು ಹತ್ತು ವರ್ಷಗಳಿಗೆ ವಿಸ್ತರಿಸಿತು. ಕರ್ನಾಟಕ ಹೈಕೋರ್ಟ್ 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಕೈಲ್ ಮುಹೂರ್ತದಂದು ಅಲ್ಲಿನ ಮನೆಗಳಲ್ಲಿ ಕೋವಿಗೆ ಪೂಜೆ ಸಲ್ಲುತ್ತದೆ.

ದೇಶದಲ್ಲಿ ಸಾಮಾನ್ಯವಾಗಿ ಕಾಣುವ ಬೋಲ್ಟ್ ರೈಫಲ್ ಇಶಾಪುರ ಕಾರ್ಖಾನೆಯ .315 ಸ್ಪೋರ್ಟಿಂಗ್ ರೈಫಲ್. ಅದರ ಬೋಲ್ಟ್ ಬ್ರಿಟಿಷ್ ಸೇನೆಯ ಲೀ-ಎನ್‌ಫೀಲ್ಡ್ ಪರಂಪರೆಯದು. ತೋಟಾ ಆಸ್ಟ್ರಿಯಾದ ಹಳೆಯ 8 ಮಿಲಿಮೀಟರ್ ಮ್ಯಾನ್‌ಲಿಕರ್. ಸೇನೆಯ .303 ತೋಟಾ ಅದರಲ್ಲಿ ನಡೆಯದು. ಹಾಗಾಗಿ ಇಲ್ಲಿನ ‘ಹೊಸ’ ರೈಫಲ್ ಕೂಡ ವಿನ್ಯಾಸದಲ್ಲಿ ಹಳೆಯದೇ.

ಹಳತು ಹೊಸತರ ಚರ್ಚೆ ಇಲ್ಲಿ ಪ್ರಾಯೋಗಿಕವಾಗುವುದು ಕಾನೂನಿನಿಂದಾಗಿ. 2019ರ ತಿದ್ದುಪಡಿ ಒಬ್ಬ ವ್ಯಕ್ತಿ ಇಟ್ಟುಕೊಳ್ಳಬಹುದಾದ ಬಂದೂಕುಗಳ ಮಿತಿಯನ್ನು ಮೂರರಿಂದ ಎರಡಕ್ಕೆ ಇಳಿಸಿತು. ಪಿತ್ರಾರ್ಜಿತವಾಗಿ ಬಂದವಕ್ಕೂ ಇದು ಅನ್ವಯ. ಅಜ್ಜನ ರೈಫಲ್ ಉಳಿಸಿಕೊಳ್ಳಬೇಕೇ, ಬಿಡಬೇಕೇ ಎಂಬ ಪ್ರಶ್ನೆ ಹೀಗೆ ಎದುರಾಗುತ್ತದೆ. ಉಳಿಸಿಕೊಳ್ಳುವವರು ಕನಿಷ್ಠ ನಾಲ್ಕು ವಿಷಯಗಳನ್ನು ನೋಡುವುದು ಒಳಿತು. ಬೋಲ್ಟ್ ಮತ್ತು ಒಡಲಿನ ಸಂಖ್ಯೆಗಳು ಹೊಂದುತ್ತವೆಯೇ? ಬೋಲ್ಟ್‌ನ ಅಂತರವನ್ನು ಪರವಾನಗಿ ಹೊಂದಿದ ಕುಶಲಕರ್ಮಿ ಅಳೆದಿದ್ದಾನೆಯೇ? ನಳಿಗೆಯ ಮೇಲೆ ಕೆತ್ತಿದ ಅಳತೆಯ ತೋಟಾವನ್ನೇ ಬಳಸಲಾಗುತ್ತಿದೆಯೇ? ಪೂಜೆಗೆ ಇಡುವ ಮುನ್ನ ಬೋಲ್ಟ್ ತೆರೆದು, ಚೇಂಬರ್ ಮತ್ತು ಮ್ಯಾಗಜಿನ್ ಎರಡೂ ಖಾಲಿ ಇರುವುದನ್ನು ಕಣ್ಣಾರೆ ನೋಡಲಾಗಿದೆಯೇ?

ಹೋಲಿಕೆಯ ಸಾರ ಇಷ್ಟು. ಗುರಿಯ ನಿಖರತೆ, ಮಳೆ ಬಿಸಿಲು ತಡೆಯುವ ಶಕ್ತಿ, ಕೈಗೆಟಕುವ ಬೆಲೆ, ಉಕ್ಕಿನ ಭರವಸೆ ಇವುಗಳಲ್ಲಿ ಹೊಸ ರೈಫಲ್ ಮುಂದಿದೆ. ತೋಟಾದ ಮೇಲಿನ ಹಿಡಿತದಲ್ಲೂ ಪಿನ್ನನ್ನೇ ತಡೆಯುವ ಸೇಫ್ಟಿಯಲ್ಲೂ 1898ರ ವಿನ್ಯಾಸವನ್ನು ಮೀರಿಸಿದವು ಕಡಿಮೆ. ಯಾವುದೇ ಕಾಲದ್ದಿರಲಿ, ರೈಫಲ್‌ನ ವಯಸ್ಸಿಗಿಂತ ಅದರ ಸ್ಥಿತಿ ಮುಖ್ಯ. ಅದಕ್ಕಿಂತಲೂ ಮುಖ್ಯ, ಎಷ್ಟು ದೂರಕ್ಕೆ ತನ್ನ ಕೈ ನಿಲ್ಲುತ್ತದೆ ಎಂಬ ಅರಿವು. ಚಂಪಾವತದ ಹುಲಿಯ ಹಲ್ಲು ಮುರಿದ ಗುಂಡು ಯಾವ ಬಂದೂಕಿನದೋ ತಿಳಿಯದು. ಅದನ್ನು ಹಾರಿಸಿದವನ ಕೈ ತಪ್ಪಿತ್ತೆಂಬುದು ಮಾತ್ರ ಖಚಿತ.